ಶಾಫ್ಟಿನ ಮೇಲೆ ಕೂತ ಸರ್

ನಮ್ಮ ಸರ್ ಹೋದ ತಿಂಗಳು ಮೂರನೆಯ ಸಲ ರಿಟೈರ್ ಆದರು. ಮೊದಲನೆಯ ಸಲ ಪಾಲಿಟೆಕ್ನಿಕ್ಕಿನಿಂದ, ವಯಸ್ಸಾಯಿತೆಂದು. ಎರಡನೆಯ ಸಲ ಯಾವುದೋ ಕಾರ್ಖಾನೆಯಿಂದ, ಅಲ್ಲಿಯ ಮ್ಯಾನೇಜರನ ಜೊತೆ ಗ್ರೀಸಿನ ವಿಷಯಕ್ಕೆ ಜಗಳವಾಯಿತೆಂದು. ಈ ಸಲ ನಮ್ಮ ವರ್ಕ್‌ಶಾಪಿನಿಂದ, ಹೆಂಡತಿ ಸಾಕು ಅಂದರೆಂದು. “ಮೊದಲಿನ ಎರಡು ಸಲ ನನ್ನ ಯಾರೂ ಕೇಳಲಿಲ್ಲ. ಈ ಸಲಾನೂ ಕೇಳಿಲ್ಲ” ಎಂದು ಬೀಳ್ಕೊಡುಗೆಯ ದಿನ ಮೈಕಿನಲ್ಲಿ ಹೇಳಿ ಕೂತುಬಿಟ್ಟರು. ಅವರ ಭಾಷಣ ಅಷ್ಟೇ.

ಆಮೇಲೆ ನಮ್ಮ ಸಾವ್ಕಾರರು, ಅಂದರೆ ವರ್ಕ್‌ಶಾಪಿನ ಮಾಲೀಕರು, ಬರೆದುಕೊಂಡು ಬಂದ ಹಾಳೆ ತೆಗೆದು ಹೊಗಳಲು ಶುರು ಮಾಡಿದರು. ವೇದಿಕೆಯ ಮೂಲೆಯಲ್ಲಿ ಒಂದು ನಿಲ್ಲುವ ಫ್ಯಾನು ಕಟ ಕಟ ಅನ್ನುತ್ತಿತ್ತು. ಸರ್ ಎರಡು ನಿಮಿಷ ತಡೆದುಕೊಂಡರು. ಮೂರನೆಯ ನಿಮಿಷಕ್ಕೆ ಕೊರಳಿನ ಹಾರವನ್ನು ಕುರ್ಚಿಗೆ ಹಾಕಿ, ಶಾಲು ಹೊದ್ದುಕೊಂಡೇ ಎದ್ದು ಹೋಗಿ, ಫ್ಯಾನನ್ನು ಆಫ್ ಮಾಡಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಸಾವ್ಕಾರರು ಹಾಳೆಯಿಂದ ತಲೆ ಎತ್ತಲೇ ಇಲ್ಲ. “ಇಂಥಾ ಮಹಾನುಭಾವರು ನಮ್ಮ ಕಣ್ಣ ಮುಂದ ಕೂತಾರ” ಎಂದು ಹಾರ ಹಾಕಿಕೊಂಡ ಖಾಲಿ ಕುರ್ಚಿಗೆ ಕೈ ಮುಗಿದರು. ಜನ ಚಪ್ಪಾಳೆ ತಟ್ಟಿದರು. ಫ್ಯಾನು ಸದ್ದಿಲ್ಲದೆ ತಿರುಗಲು ಹತ್ತಿದ ಮೇಲೆ ಇನ್ನೂ ಜೋರಾಗಿ ತಟ್ಟಿದರು.

ಜಮಖಂಡಿಯಿಂದ ಮುಧೋಳದ ಕಡೆ ಹೊರಟರೆ ಊರು ಮುಗಿಯುವಲ್ಲಿ ನಮ್ಮ ವರ್ಕ್‌ಶಾಪು. ಕೆಳಗೆ ಲೇಥುಗಳು, ವೆಲ್ಡಿಂಗು, ಸದ್ದು. ಮೇಲೆ ಗಾಜಿನ ಕಿಟಕಿಯ ಒಂದು ಡಿಸೈನ್ ರೂಮು. ಬೆಲ್ಲದ ಗಾಣ, ಕಬ್ಬು ಏರಿಸುವ ಚೈನು, ಹೊಳೆ ದಂಡೆಯ ಪಂಪುಗಳ ಭಾಗಗಳು, ಹಿಂಗೆ ತಿರುಗುವ ಯಾವುದಿದ್ದರೂ ಮಾಡುತ್ತೇವೆ. ನಾನು ಬನಹಟ್ಟಿಯವಳು. ಮನೆಯಲ್ಲಿ ಅಪ್ಪನ ನಾಲ್ಕು ಪವರ್‌ಲೂಮುಗಳ ಖಟಾಖಟ್ ಕೇಳಿಕೊಂಡೇ ಬೆಳೆದವಳು. ಇಂಜಿನಿಯರಿಂಗ್ ಮುಗಿಸಿ ದಿನಾ ಬಸ್ಸು ಹಿಡಿದು ಈ ರೂಮಿಗೆ ಬರಲು ಶುರು ಮಾಡಿದಾಗ ಅಲ್ಲಿ ಎರಡು ಕಂಪ್ಯೂಟರು, ನೀರು ತುಂಬಿದ ಒಂದು ಮಣ್ಣಿನ ಹರವಿ ಮತ್ತು ಸರ್ ಇದ್ದರು.

ಉದ್ದನೆಯ ತೆಳ್ಳನೆಯ ಮನುಷ್ಯ. ಎಂಥ ಬ್ಯಾಸಿಗೆಯಲ್ಲೂ ತುಂಬುತೋಳಿನ ಅಂಗಿ. ಜೇಬಿನಲ್ಲಿ ಸ್ಟೀಲಿನ ಪಟ್ಟಿ, ಸಣ್ಣ ಬ್ಯಾಟರಿ, ಕಟ್ಟಿಗೆ ಹಿಡಿಕೆಯ ಸ್ಕ್ರೂಡ್ರೈವರ್. ಜಮಖಂಡಿಯ ಹಳೇ ಮನೆತನ. ಅಜ್ಜ ಪೂಜೆ ಮಾಡಿದರು, ಅಪ್ಪ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದರು, ಇವರು ಶಾಫ್ಟು ಮಾಡಿದರು. ಮನೆಮಾತು ಅರ್ಧ ಮರಾಠಿ. ಲೆಕ್ಕ ಹೇಳುವಾಗ ಕನ್ನಡ, ಸಿಟ್ಟು ಬಂದಾಗ ಮರಾಠಿ, ಹಾಗಾಗಿ ಅವರ ಬೈಗುಳ ನನಗೆ ಬಹಳ ದಿನ ಶ್ಲೋಕದ ಹಾಗೆ ಕೇಳುತ್ತಿತ್ತು. ಆಫೀಸಿನ ಕುರ್ಚಿಗಳಿಗೆ ಗಾಲಿ ಇದ್ದವು. ತಮ್ಮ ಕುರ್ಚಿಯ ಗಾಲಿಗಳನ್ನು ಅವರು ಮೊದಲ ದಿನವೇ ಬಿಚ್ಚಿಟ್ಟಿದ್ದರಂತೆ. “ಕೂಡ್ಲಿಕ್ಕೆ ಕುರ್ಚಿ ಕೊಟ್ಟಾರೋ, ಊರು ಬಿಡ್ಲಿಕ್ಕೆ ಕೊಟ್ಟಾರೋ?”

ಮೊದಲ ಮೂರು ತಿಂಗಳು ನನಗೆ ಬರೀ ನಕ್ಷೆ ತಿದ್ದುವ ಕೆಲಸ. ಕಾಲೇಜಿನಲ್ಲಿ ನಾನು ಕಲಿತದ್ದು ಫೈನೈಟ್ ಎಲಿಮೆಂಟ್. ಅಂದರೆ ಒಂದು ಶಾಫ್ಟನ್ನು, ಯಂತ್ರದ ಚಕ್ರ ಹೊತ್ತು ತಿರುಗುವ ಆ ಉರುಟು ಕಬ್ಬಿಣವನ್ನು, ಕಂಪ್ಯೂಟರಿನೊಳಗೆ ಸಾವಿರಾರು ಸಣ್ಣ ತುಂಡು ಮಾಡಿ, ಒಂದೊಂದು ತುಂಡಿಗೂ ನಿನ್ನ ಮೇಲೆ ಎಷ್ಟು ಭಾರ ಬಿತ್ತಪ್ಪಾ ಅಂತ ಕೇಳುವುದು. ಆರಾಮಿದ್ದ ತುಂಡು ನೀಲಿಯಾಗಿ ಕಾಣುತ್ತದೆ, ತ್ರಾಸಿನಲ್ಲಿದ್ದದ್ದು ಕೆಂಪಾಗುತ್ತದೆ. ಅದಕ್ಕೆ ಮೊದಲು ಶಾಫ್ಟನ್ನು ಎಲ್ಲಿ, ಹೇಗೆ ಹಿಡಿದಿದ್ದೇವೆ ಅನ್ನುವುದನ್ನು ಕಂಪ್ಯೂಟರಿಗೆ ಹೇಳಬೇಕು. ಪುಸ್ತಕದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಸರ್ ಅದನ್ನು ‘ಹಿಡಿತ’ ಅನ್ನುತ್ತಿದ್ದರು.

ಅಷ್ಟರಲ್ಲಿ ಅವರ ತಂಗಿಯ ಮಗಳ ಮದುವೆ ಬಂತು, ಮೀರಜ್‌ನಲ್ಲಿ. ಎಂಟು ದಿನ ರಜೆ. ಹೋಗುವಾಗ ಬಾಗಿಲಲ್ಲಿ ನಿಂತು ನನಗೆ, “ತಂಗಿ, ನಾ ಬರೋತನಕ ಯಾವ ಶಾಫ್ಟಿಗೂ ಕೈ ಹಚ್ಚಬ್ಯಾಡ” ಅಂದರು. ನಾನು ಹೂಂ ಅಂದೆ.

ಎರಡನೆಯ ದಿನವೇ ಸಾವ್ಕಾರರು ಮೇಲೆ ಬಂದರು. ಮುಧೋಳದ ಹತ್ತಿರ ಒಬ್ಬ ಗೌಡರು ದೊಡ್ಡ ಬೆಲ್ಲದ ಗಾಣ ಹಾಕುತ್ತಿದ್ದರು. ಕಬ್ಬನ್ನು ಗಾಣದ ಬಾಯಿಯವರೆಗೆ ಏರಿಸುವ ಚೈನು ನಮ್ಮಲ್ಲಿ ಆಗಬೇಕಿತ್ತು. ಅದಕ್ಕೊಂದು ಉದ್ದ ಶಾಫ್ಟು. ಎರಡು ತುದಿಗೆ ಬೇರಿಂಗು, ನಟ್ಟನಡುವೆ ಚೈನು ಎಳೆಯುವ ಹಲ್ಲಿನ ಚಕ್ರ.

“ಹಂಗಾಮ ಶುರು ಆಗೇತಿ, ಗೌಡ್ರು ಕುಣ್ಯಾಕತ್ತಾರ. ನೀ ಕಲತಾಕಿ ಅದಿಯಲ್ಲವಾ, ಕಂಪ್ಯೂಟರ್‌ನ್ಯಾಗ ಹಾಕಿ ಒಂದೀಟು ತೋರಸ್ತೀ ಏನು?”

‘ಕಲತಾಕಿ’ ಅನ್ನುವ ಆ ಒಂದು ಮಾತು ನನ್ನನ್ನು ಕೆಡಿಸಿತು. ಅರ್ಧ ದಿನದಲ್ಲಿ ಮಾಡಿದೆ. ಶಾಫ್ಟಿನ ಎರಡೂ ತುದಿ ಹಿಡಿದು ‘ಫಿಕ್ಸ್’ ಅಂತ ಒತ್ತಿದೆ. ನಡುವೆ ಭಾರ ಹಾಕಿದೆ. ಶಾಫ್ಟು ಆ ತುದಿಯಿಂದ ಈ ತುದಿಯವರೆಗೆ ನೀಲಿ! ಸಾವ್ಕಾರರಿಗೆ ಎಷ್ಟು ಖುಷಿಯಾಯಿತೆಂದರೆ ಆ ಚಿತ್ರವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಕೆಳಗೆ ದೇವರ ಫೋಟೋದ ಪಕ್ಕ ಅಂಟಿಸಿದರು. ಮರುದಿನ ಊದಿನಕಡ್ಡಿಯ ಹೊಗೆ ಅದಕ್ಕೂ ಹಾಯುತ್ತಿತ್ತು. ನಮ್ಮ ಹಿರಿಯ ಟರ್ನರ್ ದಸ್ತಗೀರ್ ಚಾಚಾ ನಕ್ಷೆಯ ಪ್ರಕಾರ ಶಾಫ್ಟು ಕಡೆದು ಕನ್ನಡಿ ಹಾಗೆ ಹೊಳೆಸಿಟ್ಟರು.

ಒಂಬತ್ತನೆಯ ದಿನ ಬೆಳಿಗ್ಗೆ ಸರ್ ಲಾಡಿನ ಡಬ್ಬಿ ಹಿಡಿದುಕೊಂಡು ಬಂದರು. ಹೊರಗೆ ಲಾರಿ ನಿಂತಿತ್ತು. ಗೌಡರು ತಾವೇ ಬಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಸರ್ ದೇವರಿಗೆ ಕೈ ಮುಗಿಯಲು ನಿಂತವರು ಪಕ್ಕದ ಚಿತ್ರ ನೋಡಿ ಮುಗಿದ ಕೈ ಬಿಟ್ಟರು. ಮೇಲೆ ಬಂದರು.

“ಇದನ್ನ ಎಲ್ಲಿ ಹಿಡದೀ?”

“ಎರಡೂ ಕಡೆರಿ ಸರ್.”

“ಹೆಂಗ ಹಿಡದೀ?”

“ಫಿಕ್ಸ್ ಮಾಡೇನ್ರಿ.”

“ಪೂರ್ತಿ?”

“ಪೂರ್ತಿರಿ.”

ಲಾಡಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಗಾಲಿ ಇಲ್ಲದ ಕುರ್ಚಿಯ ಮೇಲೆ ಕೂತರು. ಬೈಯಲಿಲ್ಲ. ಮೆತ್ತಗೆ ಕೇಳಿದರು.

“ಅಲ್ಲ ತಂಗಿ, ಪೂರ್ತಿ ಫಿಕ್ಸ್ ಮಾಡಿದ ಮ್ಯಾಲೆ ಅದು ತಿರಗೂದು ಹೆಂಗ?”

ಹುಟ್ಟಿದಾಗಿನಿಂದ ತಿರುಗುವ ಶಾಫ್ಟಿನ ಸದ್ದು ಕೇಳಿದವಳು ನಾನು. ಅದು ತಿರುಗುತ್ತದೆ ಅನ್ನುವುದನ್ನೇ ಮರೆತಿದ್ದೆ.

ಸರ್ ಎದ್ದು ಎರಡೆರಡು ಮೆಟ್ಟಿಲು ಹಾರಿ ಇಳಿದರು. ಕೆಳಗೆ ಶಾಫ್ಟಿಗೆ ಸರಪಳಿ ಸುತ್ತಿ ಎತ್ತಲು ತಯಾರು ಮಾಡಿದ್ದರು. ಸರ್ ಹೋದವರೇ ಅದರ ಮೇಲೆ ಕುಂತುಬಿಟ್ಟರು, ಕಟ್ಟೆಯ ಮೇಲೆ ಕೂತ ಹಾಗೆ, ಕಾಲ ಮೇಲೆ ಕಾಲು ಹಾಕಿ.

“ಸರ್ರ, ಏಳ್ರಿ, ಲಾರಿ ನಿಂತೈತಿ” ಎಂದರು ಸಾವ್ಕಾರರು.

“ಇದು ಹೋಗೂದಿಲ್ಲ.”

“ಯಾಕ್ರಿ? ನೋಡ್ರಿ ಅಲ್ಲಿ, ಎಲ್ಲಾ ನೀಲಿ ಐತಿ!”

“ಹಿಡದದ್ದು ತಪ್ಪಾಗೇದ. ಒಯ್ಯೂದಾದ್ರ ನನ್ನನ್ನೂ ಲಾರಿಗೆ ಹಾಕ್ರಿ.”

ಸಾವ್ಕಾರರಿಗೆ ಗೌಡರ ಮುಂದೆ ಮರ್ಯಾದೆ ಪ್ರಶ್ನೆ. “ದಸ್ತಗೀರ, ಎತ್ತಲೇ!” ಎಂದು ಕೂಗಿದರು. ದಸ್ತಗೀರ್ ಚಾಚಾ ಇಬ್ಬರ ಮುಖವನ್ನೂ ನೋಡಿ, ಬಿಸ್ಮಿಲ್ಲಾ ಅಂದು, ಭಾರ ಎತ್ತುವ ಚೈನು ಬ್ಲಾಕ್ ಎಳೆದರು. ಶಾಫ್ಟು ಸರ್ ಸಮೇತ ಒಂದು ಗೇಣು ಏರಿತು. ಸರ್ ಕಾಲು ಉದ್ದ, ಒಂದು ಪಾದ ಇನ್ನೂ ನೆಲದ ಮೇಲೆಯೇ ಇತ್ತು. ಅವರು ಅಲ್ಲಾಡಲಿಲ್ಲ. ಚಾಚಾ ಕೈ ಬಿಟ್ಟರು.

“ಆಗೂದಿಲ್ರಿ ಸಾವ್ಕಾರ್ರ. ಇದರ ಚಾರ್ಟಿನ್ಯಾಗ ಸಾಹೇಬ್ರ ವಜನ ಬರದಿಲ್ಲ.”

ಗೌಡರು ಎಲೆ ಅಡಿಕೆ ಒಂದು ದವಡೆಗೆ ಸರಿಸಿ ಕೇಳಿದರು, “ಇವರು ಯಾರ್ರಿ?”

“ನಮ್ಮ ಇಂಜಿನಿಯರ್‌ರೀ.”

“ಹೌದೇನ್ರಿ? ನಾ ಯೂನಿಯನ್‌ದವ್ರು ಅನಕೊಂಡೆ.”

ಸರ್ ಕೂತಲ್ಲಿಂದಲೇ ನನಗೆ ಹೇಳಿದರು: ಮೇಲೆ ಹೋಗು, ಎರಡೂ ತುದಿಯ ‘ಫಿಕ್ಸ್’ ತೆಗೆ, ಬೇರಿಂಗು ಹಿಡಿದ ಹಾಗೆ ಹಿಡಿ, ಮತ್ತೆ ಓಡಿಸು. ಹೋದೆ. ಓಡಿಸಿದೆ. ಚಕ್ರದ ಪಕ್ಕ ಶಾಫ್ಟಿನ ದಪ್ಪ ಕಡಿಮೆಯಾಗುವ ಮೆಟ್ಟಿಲಿನ ಹತ್ತಿರ ಕೆಂಪು, ಕೆಂಡದ ಹಾಗೆ. ಪ್ರಿಂಟ್ ತಂದು ಸಾವ್ಕಾರರ ಕೈಗೆ ಕೊಟ್ಟೆ.

“ಅವತ್ತ ನೀಲಿ ಅಂದಿ, ಇವತ್ತ ಕೆಂಪು ಅಂತಿ. ಇದೇನು ಕಂಪ್ಯೂಟರೋ, ರೇಡಿಯೋದಾಗಿನ ಹವಾಮಾನದ ವರದಿಯೋ?”

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಸರ್‌ಗೂ ಹಾಗೇ ಅನ್ನಿಸಿರಬೇಕು. ಎದ್ದರು. “ಖರೆ ಅದ. ಕಂಪ್ಯೂಟರ್ ಬಿಡ್ರಿ, ಕಬ್ಬಿಣಾನ ಕೇಳೂಣು” ಅಂದರು.

ಶಾಫ್ಟನ್ನು ಅದರದೇ ಬೇರಿಂಗುಗಳಲ್ಲಿ ಕೂರಿಸಿ ಪ್ರೆಸ್ಸಿನ ಕೆಳಗೆ ತಂದರು. ನಡುವೆ ಮೇಲಿನಿಂದ ಜ್ಯಾಕಿನ ಒತ್ತಡ. ಕೆಳಗೆ ಡಯಲ್ ಗೇಜು, ಕೂದಲೆಳೆಯಷ್ಟು ಬಾಗಿದರೂ ಗೆರೆ ಎಣಿಸಿ ತೋರಿಸುವ ಗಡಿಯಾರದಂಥದ್ದು. ಸರ್ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, “ನಿನ್ನ ನೀಲಿ ಶಾಫ್ಟು ಎಷ್ಟು ಬಾಗತದ, ಗ್ವಾಡಿ ಮ್ಯಾಲೆ ಬರಿ” ಅಂದರು. ಲೆಕ್ಕ ಹಾಕಿ ಬರೆದೆ: ಐದು ಗೆರೆ. ಅವರು ಮೀರಜ್‌ನ ಲಗ್ನಪತ್ರಿಕೆಯ ಹಿಂದೆ ಪೆನ್ನಿನಲ್ಲಿ ಏನೋ ಗೀಚಿ ಪಕ್ಕದಲ್ಲಿ ಬರೆದರು: ಇಪ್ಪತ್ತು.

“ನಾಕು ಪಟ್ಟು?” ಎಂದು ಸಾವ್ಕಾರರು ನಕ್ಕರು. “ಇಷ್ಟು ದಪ್ಪ ಕಬ್ಬಿಣರಿ ಇದು, ಶಾವಿಗಿ ಅಲ್ಲ.”

ದಸ್ತಗೀರ್ ಚಾಚಾ ಜ್ಯಾಕ್ ಒತ್ತಿದರು. ಲೇಥುಗಳೆಲ್ಲ ನಿಂತಿದ್ದವು. ಸಾವ್ಕಾರರೇ ಮಂಡಿಯೂರಿ ಗೇಜಿಗೆ ಕಣ್ಣು ಹಚ್ಚಿದರು. ಮುಳ್ಳು ಐದಕ್ಕೆ ಬಂದಾಗ ‘ನಿಂತತು’ ಅಂದರು. ಅದು ನಿಲ್ಲಲಿಲ್ಲ. ಎಂಟು. ಹನ್ನೆರಡು. ನಾನು ಮನಸ್ಸಿನಲ್ಲೇ ಮನೆದೇವರನ್ನು ನೆನೆದೆ, ಮುಳ್ಳು ನಿಲ್ಲಲಿ ಅಂತಲೋ ಹೋಗಲಿ ಅಂತಲೋ ನನಗೇ ಗೊತ್ತಿರಲಿಲ್ಲ. ಹದಿನೇಳು. ಹತ್ತೊಂಬತ್ತಕ್ಕೆ ನಿಂತಿತು.

ಸಾವ್ಕಾರರು ಮಂಡಿಯ ಧೂಳು ಝಾಡಿಸಿಕೊಂಡು ಎದ್ದರು. “ಇಪ್ಪತ್ತು ಆಗಲಿಲ್ಲಲ್ರಿ” ಅಂದರು.

“ಒಂದು ಗೆರಿ ನಿಮ್ಮ ಮರ್ಯಾದಿಗೆ ಬಿಟ್ಟದ” ಅಂದರು ಸರ್.

ಆಮೇಲೆ ಗೌಡರ ಕಡೆ ತಿರುಗಿ, ಯಾವ ದೊಡ್ಡ ಮಾತೂ ಇಲ್ಲದೆ ತಿಳಿಸಿ ಹೇಳಿದರು. ತುದಿ ಬಿಗಿದಿದೆ ಅಂತ ಲೆಕ್ಕ ಹಾಕಿದರೆ ಶಾಫ್ಟು ಕಾಗದದ ಮೇಲೆ ಪೈಲವಾನ ಆಗುತ್ತದೆ. ಬೇರಿಂಗು ಹಾಗೆ ಬಿಗಿಯುವುದಿಲ್ಲ, ಬರೀ ಹೊತ್ತುಕೊಂಡಿರುತ್ತದೆ. ನಿಜವಾಗಿ ಬೀಳುವ ತ್ರಾಸು ಆ ಲೆಕ್ಕಕ್ಕಿಂತ ದುಪ್ಪಟ್ಟು. ತಿರುಗುತ್ತ ತಿರುಗುತ್ತ ಒಂದು ದಿನ ಆ ಮೆಟ್ಟಿಲಿನ ಹತ್ತಿರ ಬಿರುಕು ಬಿಟ್ಟು ಮುರಿಯುತ್ತದೆ, ಚೈನು ಕಬ್ಬಿನ ಸಮೇತ ಹಿಂದಕ್ಕೆ ಜಾರುತ್ತದೆ.

“ಅದರ ಬುಡಕ ಯಾರು ನಿಂತಿರ್ತಾರ್ರಿ?” ಎಂದು ಕೇಳಿದರು ಸರ್.

ಗೌಡರ ದವಡೆ ನಿಂತಿತು. “ಕಬ್ಬು ಹಾಕೋ ಹೆಣ್ಮಕ್ಕಳ್ರಿ. ನಮ್ಮ ಮನ್ಯಾಕಿನೂ ಅಲ್ಲೇ ನಿಂತಿರ್ತಾಳ್ರಿ, ಎಲ್ಲಾರ ಮ್ಯಾಲೆ ಜೋರು ಮಾಡಕೋಂತ.” ಎದ್ದು ಹೊರಗೆ ಹೋಗಿ ಉಗುಳಿ ಬಂದರು. “ಸಾವ್ಕಾರ್ರ, ಲಾರಿ ಕಳಸ್ರಿ. ನಾ ಎಂಟು ದಿನ ತಡೀತೀನಿ. ಈ ಕುಂತಿದ್ದ ಸಾಹೇಬ್ರು ಹೂಂ ಅಂದಿಂದ ಒಯ್ತೀನಿ.”

ಈಗ ಬೈಯಲು ಯಾರಾದರೂ ಬೇಕಲ್ಲ. ಸಾವ್ಕಾರರ ಕಣ್ಣು ನಿಧಾನಕ್ಕೆ ತಿರುಗಿ ನನ್ನ ಮೇಲೆ ಬಂತು. ನಾಳೆಯಿಂದ ಬನಹಟ್ಟಿಯ ಬಸ್ಸು ಹಿಡಿಯುವ ಕೆಲಸ ಇಲ್ಲ ಅಂದುಕೊಂಡೆ. ಅವರು ಬಾಯಿ ತೆರೆಯುವುದರೊಳಗೆ ಸರ್ ನಡುವೆ ಬಂದು ನಿಂತರು.

“ತಪ್ಪು ನಂದು. ಮೂರು ತಿಂಗಳು ನಕ್ಷಿ ತಿದ್ದಿಸಿದೆ, ಹಿಡಿಯೂದು ಕಲಸಲಿಲ್ಲ. ಕಲಸದೆ ಲಾಡು ತಿನ್ಲಿಕ್ಕೆ ಹೋದಾಂವ ನಾನು. ಬೈಯೂದಿದ್ರ ನನಗ ಬೈರಿ.”

ಸಾವ್ಕಾರರು ಅವರಿಗೆ ಬೈದರು. ಚೆನ್ನಾಗಿಯೇ ಬೈದರು. ಸರ್ ತಲೆ ತಗ್ಗಿಸಿ, ಬೇರೆಯವರ ಮಗನನ್ನು ಬೈಯುತ್ತಿದ್ದಾರೇನೋ ಅನ್ನುವಷ್ಟು ಸಮಾಧಾನದಿಂದ ಕೇಳಿಸಿಕೊಂಡರು. ನಾನು ನೀರಿನ ಟಾಕಿಯ ಹಿಂದೆ ಹೋಗಿ ಅತ್ತು, ಮುಖ ತೊಳೆದುಕೊಂಡು ಮೇಲೆ ಬಂದರೆ ನನ್ನ ಮೇಜಿನ ಮೇಲೆ ಎರಡು ಲಾಡು, ಒಂದು ಚೀಟಿ: ‘ಸೋಮವಾರ, ಒಂಬತ್ತು ಗಂಟೆ. ಶಾಫ್ಟ್ ಹಿಡಿಯುವುದು.’

ತಪ್ಪಿದ ಆ ಶಾಫ್ಟು ಇವತ್ತಿಗೂ ವರ್ಕ್‌ಶಾಪಿನ ಬೇವಿನ ಗಿಡದ ಕೆಳಗೆ ಎರಡು ಕಲ್ಲಿನ ಮೇಲೆ ಇದೆ. ಮಧ್ಯಾಹ್ನ ಎಲ್ಲರೂ ಅದರ ಮೇಲೆ ಕೂತು ರೊಟ್ಟಿ ಉಣ್ಣುತ್ತಾರೆ.

ಸೋಮವಾರದ ಪಾಠವನ್ನು ಈಗಲೂ ನೆನೆಸಿಕೊಂಡು ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ, ಪಕ್ಕದಲ್ಲಿ ಕೂತವರು ಸರಿದು ಕೂಡುತ್ತಾರೆ. ಸರ್ ಡಿಸೈನ್ ರೂಮಿನಲ್ಲಿ ಎರಡು ಸ್ಟೂಲು ದೂರ ದೂರ ಇಡಿಸಿದರು. ಒಂದರ ಮೇಲೆ ಭುಜ, ಇನ್ನೊಂದರ ಮೇಲೆ ಹಿಮ್ಮಡ ಇಟ್ಟು ಅಂಗಾತ ಮಲಗಿದರು. ತಲೆಯ ಕಡೆ ವಾಚ್‌ಮನ್, ಕಾಲಿನ ಕಡೆ ದಸ್ತಗೀರ್ ಚಾಚಾ. ಸೊಂಟಕ್ಕೆ ಒಂದು ಹಗ್ಗ ಸುತ್ತಿಸಿಕೊಂಡು ಅದರ ತುದಿ ನನ್ನ ಕೈಗೆ ಕೊಟ್ಟರು.

“ಈಗ ನಾ ಶಾಫ್ಟು. ಅವರಿಬ್ಬರು ಬೇರಿಂಗು. ನೀ ಚೈನು. ಬೇರಿಂಗ್‌ದವ್ರು ಫಿಕ್ಸ್ ಹಿಡೀರಿ. ತಂಗಿ, ಎಳಿ!”

ಎಳೆದೆ. ಭುಜ ತಿರುಗಲಿಲ್ಲ, ಕಾಲು ತಿರುಗಲಿಲ್ಲ, ನಡುವಿನ ಸರ್ ಮಾತ್ರ ತೊಳೆದ ಅರಿವೆ ಹಿಂಡಿದ ಹಾಗೆ ಹಿಂಡಿಕೊಂಡರು. “ಆಯೀ ಗ!” ಎಂಬ ಮರಾಠಿ ಕೂಗು ಕೆಳಗಿನವರಿಗೂ ಕೇಳಿಸಿತು.

“ತಿಳೀತಿಲ್ಲೋ? ಫಿಕ್ಸ್ ಅಂದ್ರ ಇದು. ಈಗ ಬೇರಿಂಗ್ ಹಂಗ ಹಿಡೀರಿ. ಬೀಳಗೊಡಬ್ಯಾಡ್ರಿ, ಆದ್ರ ತಿರಗಗೊಡ್ರಿ. ಹಿಡೀಬೇಕು, ಹಿಚುಕಬಾರದು. ಎಳಿ!”

ಎಳೆದೆ. ಈ ಸಲ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಬುಗುರಿ ಹಾಗೆ ಒಂದು ಸುತ್ತು ತಿರುಗಿ, ಸ್ಟೂಲು ಬಿಟ್ಟು, ಧೊಪ್ಪನೆ ನೆಲಕ್ಕೆ ಬಿದ್ದರು. ಬಿದ್ದಲ್ಲಿಂದಲೇ ಪಾಠ ಮುಂದುವರಿಯಿತು. “ಇದೂ ತಪ್ಪು. ಎಲ್ಲೂ ತಡೀಲಿಲ್ಲಂದ್ರ ಕಂಪ್ಯೂಟರ್ ಅಂತದ, ನಿನ್ನ ಶಾಫ್ಟು ಹಾರಿ ಹೋತು, ನನಗ ಸಿಗವಲ್ತು ಅಂತ. ಅದಕ್ಕ ತಿರಗೂದನ್ನ ಒಂದು ಕಡೆ, ಒಂದೇ ಕಡೆ ತಡೀಬೇಕು. ಯಾವ ಕಡೆ?”

“ಗೇರ್‌ಬಾಕ್ಸ್ ಕಡೆರಿ ಸರ್. ಅಲ್ಲಿಂದ ತಿರವತಾರಲ್ರಿ.”

“ಶಾಭಾಸ್! ಚಾಚಾ, ನೀವು ಗೇರ್‌ಬಾಕ್ಸು. ಒಂದು ಕಾಲು ಗಟ್ಟಿ ಹಿಡೀರಿ.”

ಮತ್ತೆ ಮಲಗಿದರು. ಚಾಚಾ ಒಂದು ಕಾಲು ಅಪ್ಪಿ ಹಿಡಿದರು, ನಾನು ಹಗ್ಗ ಎಳೆದು ನಿಂತೆ, ಸರ್ ಕಾಲಿನಿಂದ ಸೊಂಟದವರೆಗೆ ತಿರುಚಿಕೊಂಡು ಅಲ್ಲೇ ಗಕ್ಕನೆ ನಿಂತರು. ವಾಚ್‌ಮನ್ ಹಿಡಿದ ಭುಜಗಳು ಆರಾಮ ಹೊರಳಿದವು. ಸರಿಯಾಗಿ ಅದೇ ಹೊತ್ತಿಗೆ ಸಾವ್ಕಾರರು ಗೌಡರನ್ನು ಕರೆದುಕೊಂಡು, ಹೊಸ ಶಾಫ್ಟಿನ ಲೆಕ್ಕ ತೋರಿಸುತ್ತೇನೆಂದು, ಬಾಗಿಲು ತೆಗೆದರು.

ಸರ್ ಕತ್ತು ಹೊರಳಿಸಿ ನೋಡಿ, “ಬರ್ರಿ ಸಾವ್ಕಾರ್ರ. ಐದೇ ನಿಮಿಷ. ಸದ್ಯಕ್ಕ ನಾ ಬರೋಬ್ಬರಿ ಅದೀನಿ” ಅಂದರು.

ಗೌಡರು ಸಾವ್ಕಾರರ ಕಿವಿಯಲ್ಲಿ, “ಮೊನ್ನೆ ನೀವು ಬೈದದ್ದು ಭಾಳ ಆತು ಅನಸತೈತ್ರಿ” ಅಂದದ್ದು ನನಗೂ ಕೇಳಿಸಿತು.

ಹಿಂಗೆ ಕಲಿತದ್ದು ಮರೆಯುವುದು ಹೇಗೆ? ಎರಡೂ ತುದಿಯಲ್ಲಿ ಸುತ್ತಲೂ ಆಸರೆ ಇರಬೇಕು. ಉದ್ದಕ್ಕೆ ಸರಿಯದಂತೆ ಮಾತ್ರ ಒಂದೇ ತುದಿಯಲ್ಲಿ ಹಿಡಿಯಬೇಕು, ಇನ್ನೊಂದು ತುದಿ ಬಿಡಬೇಕು. “ಬ್ಯಾಸಿಗ್ಯಾಗ ಕಬ್ಬಿಣಾನೂ ಕಾಲು ಚಾಚತದ” ಅನ್ನುತ್ತಿದ್ದರು. ಸಾವ್ಕಾರರು ಒಮ್ಮೆ ಎರಡೂ ಕಡೆ ಬಿಗಿದರೇನು ತಪ್ಪು ಎಂದಾಗ, “ಮುಧೋಳ ನಾಯಿಗೆ ಮುಂದೊಂದು ಹಗ್ಗ, ಹಿಂದೊಂದು ಹಗ್ಗ ಹಾಕಿ ಬಿಗದ್ರ ಅದು ನಾಯಿ ಅಲ್ರಿ, ಅರಿವಿ ಒಣಹಾಕೋ ತಂತಿ” ಅಂದಿದ್ದರು. ಸಾವ್ಕಾರರ ಮನೆಯಲ್ಲಿ ಅಂಥ ನಾಯಿ ಇತ್ತು. ಒಂದು ವಾರ ಮಾತಾಡಲಿಲ್ಲ.

ಒಂದು ಸಲ ಬೇರಿಂಗಿನ ಪಾಠಕ್ಕೆಂದು ಮನೆಯ ಲಟ್ಟಣಿಗೆ ತಂದಿದ್ದರು. ಹನ್ನೊಂದು ಗಂಟೆಗೆ ಆಫೀಸಿಗೆ ಫೋನು ಬಂತು. ನಾನೇ ಎತ್ತಿದೆ. ಅವರ ಹೆಂಡತಿ, ನಾವೆಲ್ಲ ಕಾಕೂ ಅನ್ನುತ್ತಿದ್ದವರು. “ಅವರಿಗೆ ಹೇಳವಾ, ಬೀಗರು ಬಂದು ಕೂತಾರ, ಹಿಟ್ಟು ನಾದಿಟ್ಟೀನಿ, ಶಾಫ್ಟು ಇನ್ನ ಕಳಸ್ರಿ ಅಂತ.” ದಸ್ತಗೀರ್ ಚಾಚಾ ಸೈಕಲ್ ಮೇಲೆ ಲಟ್ಟಣಿಗೆ ಒಯ್ದು ಕೊಟ್ಟು ಚಪಾತಿ ಉಂಡು ಬಂದರು. ಅವತ್ತು ಸರ್ ಮಾತ್ರ ಬಹಳ ಹೊತ್ತು ಆಫೀಸಿನಲ್ಲೇ ಇದ್ದರು.

ಕಬ್ಬಿನ ಹಾಲಿನ ಅಂಗಡಿಗೆ ಅವರ ಜೊತೆ ಹೋಗುವುದು ನಾಚಿಕೆಯ ಕೆಲಸ. ಗ್ಲಾಸು ಹಿಡಿಯುವ ಮೊದಲು ಗಾಣದ ಬೇರಿಂಗಿನ ಮೇಲೆ ಅಂಗೈ ಇಟ್ಟು, ಮಗುವಿನ ಹಣೆ ಮುಟ್ಟಿದಂತೆ ಕಣ್ಣು ಮುಚ್ಚುತ್ತಿದ್ದರು. “ಜ್ವರ ಅದ. ಗ್ರೀಸ್ ಹಾಕಪಾ.” ಹಿಂದೆ ಹತ್ತು ಜನ ಕಾಯುತ್ತಿರುತ್ತಿದ್ದರು. ಅಂಗಡಿಯವನು ಇವರು ಕಂಡ ಕೂಡಲೇ ಗ್ಲಾಸು ತುಂಬಿ ದೂರದಿಂದಲೇ ಚಾಚಲು ಕಲಿತಿದ್ದ.

ನಮ್ಮ ಮನೆಗೂ ಒಮ್ಮೆ ಊಟಕ್ಕೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ನೇರ ಮಗ್ಗದ ಕೋಣೆಗೆ ನುಗ್ಗಿ, ಸ್ಕ್ರೂಡ್ರೈವರಿನ ಮೊನೆ ಮಗ್ಗಕ್ಕೆ, ಹಿಡಿಕೆ ಕಿವಿಗೆ ಹಚ್ಚಿ ನಿಂತರು. ಅಪ್ಪ, ಯಾರೋ ಕರೆಂಟಿನ ಆಫೀಸಿನವರು ತಪಾಸಣೆಗೆ ಬಂದರೆಂದು ಹೆದರಿ ಟೊಪ್ಪಿಗೆ ಹಾಕಿಕೊಂಡು ಓಡಿ ಬಂದ. “ಮೂರನೇದು ಗೊರಕಿ ಹೊಡೀಲಿಕ್ಕತ್ತದ” ಅಂದರು ಸರ್. ಅಪ್ಪ ಅದನ್ನು ಬಿಚ್ಚಿಸಿದಾಗ ಶಾಫ್ಟು ಕೂರುವ ಬುಶ್ ಎಂಬ ಬಳೆ ಸವೆದು ಹೋಗಿತ್ತು. ಅಂದಿನಿಂದ ಅಪ್ಪನಿಗೆ ಅವರು ಡಾಕ್ಟರ್ ಸಾಹೇಬರು.

ಸರ್ ರಿಟೈರ್ ಆದ ಮೇಲೆ ಮೊದಲು ಬಂದ ಕೆಲಸ ಗಲಗಲಿ ಕಡೆಯ ರೈತರ ಪಂಪಿನ ಶಾಫ್ಟು. ಲೆಕ್ಕ ಮುಗಿಸಿದೆ, ಮೂರು ಸಲ ನೋಡಿದೆ. ರಿಪೋರ್ಟಿನ ಕೊನೆಗೆ ‘ತಪಾಸಣೆ ಮಾಡಿದವರು’ ಅಂತ ಒಂದು ಖಾಲಿ ಚೌಕ. ಸಾವ್ಕಾರರು, “ಇನ್ನ ನೀನ ಮಾಡವಾ” ಅಂದರು. ನನಗೆ ಧೈರ್ಯ ಬರಲಿಲ್ಲ. ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನ ಸ್ಕೂಟಿ ತೆಗೆದುಕೊಂಡು ಜಮಖಂಡಿಯ ಅವರ ಓಣಿಗೆ ಹೋದೆ.

ಸರ್ ತೂಗುಮಂಚದ ಮೇಲೆ ಕೂತು, ಕಾಕೂ ಕೊಟ್ಟ ಒಂದು ಪರಾತ ಶೇಂಗಾ ಸುಲಿಯುತ್ತಿದ್ದರು. ರಿಪೋರ್ಟು ಮುಂದೆ ಹಿಡಿದೆ. ಮುಟ್ಟಲಿಲ್ಲ.

“ಕನ್ನಡಕ ಎಲ್ಲಿಟ್ಟೀನೋ ಗೊತ್ತಿಲ್ಲ.”

“ಕೊರಳಾಗ ಅದಾವ್ರಿ ಸರ್.”

“ಇವು ದೂರದ್ದು ನೋಡೂವು.”

“ಬರೇ ಒಂದು ಸಹಿ ಮಾಡ್ರಿ ಸರ್. ನಿಮ್ಮ ಸಹಿ ಇದ್ರ ನನಗ ಧೈರ್ಯ.”

“ನನಗ ಯಾರ ಸಹಿ ಇತ್ತು? ಕೂಡು. ಎಲ್ಲಿ ಹಿಡದೀ ಹೇಳು.”

ಹೇಳಿದೆ. ಎರಡು ಬೇರಿಂಗು, ಸುತ್ತಲೂ. ಉದ್ದಕ್ಕೆ ಮೋಟರಿನ ಕಡೆ ಮಾತ್ರ. ತಿರುಗುವುದನ್ನು ತಡೆದದ್ದು ಮೋಟರಿಗೆ ಜೋಡಿಸುವ ಕಪ್ಲಿಂಗಿನಲ್ಲಿ, ಅಲ್ಲೊಂದೇ ಕಡೆ. ಅವರು ಕಣ್ಣು ಮುಚ್ಚಿ ಶೇಂಗಾ ಸುಲಿಯುತ್ತ ಕೇಳಿದರು. ಮುಗಿದ ಮೇಲೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಳಗೆ ಕೂಗಿ, “ಅಗ, ಈಕೀಗೆ ಚುರಮರಿ ಕೊಡು” ಅಂದರು. ಚುರಮರಿ ಬಂತು. ಚಹಾ ಬಂತು. ಕಾಕೂ ನನ್ನ ಅವ್ವನ ಮೊಣಕಾಲು ನೋವು ವಿಚಾರಿಸಿದರು. ಸಹಿಯ ಮಾತು ಬರಲೇ ಇಲ್ಲ.

ಎದ್ದು ಬಂದೆ. ಸಿಟ್ಟು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಇಷ್ಟು ವರ್ಷ ಹಿಡಿದುಕೊಂಡಿದ್ದವರು ಹಿಂಗ ಬಿಟ್ಟುಬಿಡುತ್ತಾರೇನು? ಸ್ಕೂಟಿಯ ಸೀಟಿನ ಮೇಲೆ ರಿಪೋರ್ಟು ಹರವಿ, ಪೆನ್ನು ತೆಗೆದು, ಆ ಖಾಲಿ ಚೌಕದಲ್ಲಿ ನನ್ನ ಹೆಸರು ಬರೆದೆ. ಮೊದಲನೆಯ ಅಕ್ಷರ ಚೌಕದ ಹೊರಗೆ ಹೋಯಿತು. ಬ್ಯಾಗಿಗೆ ತುರುಕಿ, ಮೂಗು ಒರೆಸಿಕೊಂಡು, ಗಾಡಿ ಚಾಲೂ ಮಾಡಿ ಹೊರಟೆ.

ಹತ್ತು ಮಾರು ಹೋಗಿರಲಿಲ್ಲ, ಹಿಂದಿನಿಂದ ಮಾಳಿಗೆಯ ಕಿಟಕಿ ಧಡ್ ಎಂದು ತೆರೆಯಿತು.

“ತಂಗೀ! ಸ್ಟ್ಯಾಂಡ್! ಸ್ಟ್ಯಾಂಡ್ ತಗೀ!”

ತಿರುಗಿ ನೋಡಿದರೆ ಸರ್ ಕನ್ನಡಕ ಹಾಕಿಕೊಂಡು, ಅರ್ಧ ಮೈ ಕಿಟಕಿಯ ಹೊರಗೆ ಹಾಕಿ, ಎರಡೂ ಕೈ ಬೀಸುತ್ತಿದ್ದರು. ಅವರು ಬೀಳದಂತೆ ಹಿಂದಿನಿಂದ ಕಾಕೂ ಅವರ ಅಂಗಿ ಹಿಡಿದುಕೊಂಡಿದ್ದರು. ಓಣಿಯಲ್ಲಿ ಹೊರಟಿದ್ದ ಗಾಡಿಯವರೆಲ್ಲ ಗಾಬರಿಯಾಗಿ ತಮ್ಮ ತಮ್ಮ ಕಾಲಿನ ಕಡೆ ಬಗ್ಗಿ ನೋಡಿಕೊಂಡರು. ತೆಗೆಯದೆ ಇದ್ದದ್ದು ನನ್ನದೊಂದೇ.